ಹೊಸ ವೈಡ್ ರಿಸೀವರ್‌ನಿಂದ ಮೊದಲ ವರ್ಷ ಎಷ್ಟು ನಿರೀಕ್ಷಿಸಬೇಕು? ಅಭಿಮಾನಿಗಳಿಗೊಂದು ಮಾರ್ಗದರ್ಶಿ

ಪ್ರತಿ ವರ್ಷ ಏಪ್ರಿಲ್ ಕೊನೆಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ, ನಡೆಯುತ್ತದೆ. ನಿಮ್ಮ ತಂಡ ಮೊದಲ ಸುತ್ತಿನಲ್ಲೇ ಒಬ್ಬ ವೈಡ್ ರಿಸೀವರ್‌ನನ್ನು ಆರಿಸಿಕೊಂಡಿತು ಎನ್ನಿ. ಅಂದು ರಾತ್ರಿಯೇ ಅವನ ಕಾಲೇಜು ಆಟದ ತುಣುಕುಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತವೆ. ಅವನು ಮೊದಲ ವರ್ಷವೇ ಸಾವಿರ ಯಾರ್ಡ್ ದಾಟಿಯೇ ತೀರುತ್ತಾನೆ ಎಂದು ಸೆಪ್ಟೆಂಬರ್ ಹೊತ್ತಿಗೆ ಎಲ್ಲರೂ ನಂಬಿರುತ್ತಾರೆ. ಅಕ್ಟೋಬರ್‌ನಲ್ಲಿ ಅದೇ ಜನ ಅವನನ್ನು ದಂಡದ ಆಯ್ಕೆ ಎಂದು ಜರೆಯತೊಡಗುತ್ತಾರೆ. ಈ ಏರಿಳಿತದಲ್ಲಿ ಆಟದ ಸುಖವೂ ಹೋಗುತ್ತದೆ, ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗನೊಬ್ಬನಿಗೆ ಅನ್ಯಾಯವೂ ಆಗುತ್ತದೆ.

ಅಮೆರಿಕದಲ್ಲಿ ನೆಲೆಸಿ ಊರಿನ ತಂಡವನ್ನು ಹಚ್ಚಿಕೊಂಡಿರುವ ಕನ್ನಡಿಗರಿಗೂ, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನಿದ್ದೆಗೆಟ್ಟು ಪಂದ್ಯ ನೋಡುವವರಿಗೂ ಈ ಮಾರ್ಗದರ್ಶಿ ಉಪಯೋಗಕ್ಕೆ ಬಂದೀತು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟು: ರಿಸೀವರ್‌ನ ಮೊದಲ ವರ್ಷದ ಅಂಕಿಗಳು ಅವನ ಪ್ರತಿಭೆಗಿಂತ ಹೆಚ್ಚಾಗಿ ಅವನಿಗೆ ಸಿಕ್ಕ ಅವಕಾಶವನ್ನು ತೋರಿಸುತ್ತವೆ. ಪ್ರತಿಭೆಯನ್ನು ಕಾಣಬೇಕಾದರೆ ಬೇರೆ ಕಡೆ ಕಣ್ಣು ಹಾಯಿಸಬೇಕು.

ಆಟ ಹೊಸದಾಗಿದ್ದವರಿಗೆ ಎರಡು ಮಾತು. ಇಲ್ಲಿ ಒಂದು ಪಂದ್ಯ ಕೆಲವೇ ಸೆಕೆಂಡುಗಳ ಬಿಡಿ ಬಿಡಿ ಆಟಗಳಾಗಿ ನಡೆಯುತ್ತದೆ. ವೈಡ್ ರಿಸೀವರ್ ಎಂದರೆ ಮೈದಾನದ ಅಂಚಿನ ಕಡೆ ನಿಂತು, ಆಟ ಶುರುವಾದೊಡನೆ ಮೊದಲೇ ಗೊತ್ತುಮಾಡಿದ ಹಾದಿಯಲ್ಲಿ ಓಡಿ, ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯುವವನು. ಆ ಹಾದಿಗೆ ರೂಟ್ ಎನ್ನುತ್ತಾರೆ. ಅವನ ಕಡೆಗೆ ಎಸೆದ ಪ್ರತಿ ಚೆಂಡೂ ಒಂದು ಟಾರ್ಗೆಟ್. ಅವನನ್ನು ಕಾಯುವ ಎದುರಾಳಿ ಕಾರ್ನರ್‌ಬ್ಯಾಕ್. ಒಂದು ಯಾರ್ಡ್ ಎಂದರೆ ಮೂರು ಅಡಿ; ಚೆಂಡು ಹಿಡಿದು ತಂಡವನ್ನು ಎಷ್ಟು ಯಾರ್ಡ್ ಮುಂದಕ್ಕೆ ಒಯ್ದ ಎಂಬುದೇ ರಿಸೀವರ್‌ನ ಲೆಕ್ಕ. ಮೊದಲ ವರ್ಷದ ಆಟಗಾರನನ್ನು ರೂಕಿ ಎಂದು ಕರೆಯುತ್ತಾರೆ.

ಹಂತ 1: ಅವನು ಸೇರಿದ ತಂಡದಲ್ಲಿ ಜಾಗ ಖಾಲಿ ಇದೆಯೇ ನೋಡಿ

ಡ್ರಾಫ್ಟ್ ಮುಗಿದ ಮರುದಿನ ಕಾಲೇಜಿನ ವಿಡಿಯೊ ನೋಡುವ ಮೊದಲು ತಂಡದ ಪಟ್ಟಿಯನ್ನು ತೆರೆಯಿರಿ. ಚೆಂಡು ಎಸೆಯುವವರು ಯಾರು? ಕಳೆದ ವರ್ಷ ಅತಿ ಹೆಚ್ಚು ಟಾರ್ಗೆಟ್ ಪಡೆದವರು ಇನ್ನೂ ತಂಡದಲ್ಲಿದ್ದಾರೆಯೇ? ಟೈಟ್ ಎಂಡ್ ಸ್ಥಾನದಲ್ಲಿರುವವರು, ಅಂದರೆ ಎದುರಾಳಿಯನ್ನು ತಡೆಯುವುದರ ಜೊತೆಗೆ ಚೆಂಡನ್ನೂ ಹಿಡಿಯುವವರು, ಎಷ್ಟು ಚೆಂಡು ಹಿಡಿಯುತ್ತಾರೆ?

2020ರ ಮಾರ್ಚ್‌ನಲ್ಲಿ ಮಿನೆಸೋಟ ವೈಕಿಂಗ್ಸ್ ತಂಡ ತನ್ನ ಪ್ರಮುಖ ರಿಸೀವರ್ ಸ್ಟೆಫಾನ್ ಡಿಗ್ಸ್ ಅವರನ್ನು ಬಫಲೊ ಬಿಲ್ಸ್‌ಗೆ ಬಿಟ್ಟುಕೊಟ್ಟಿತು. ಅದಕ್ಕೆ ಬದಲಾಗಿ ಸಿಕ್ಕ ಡ್ರಾಫ್ಟ್ ಆಯ್ಕೆಗಳಲ್ಲಿ ಒಂದು ಮೊದಲ ಸುತ್ತಿನ 22ನೆಯದು. ಅದರಲ್ಲಿ ಬಂದವರು ಜಸ್ಟಿನ್ ಜೆಫರ್ಸನ್. ತೆರವಾದ ಕುರ್ಚಿಯೇ ಅವರಿಗಾಗಿ ಕಾದಿತ್ತು ಎನ್ನಬಹುದು. ಆ ವರ್ಷ ಅವರು 88 ಕ್ಯಾಚ್‌ಗಳಲ್ಲಿ 1,400 ಯಾರ್ಡ್ ಗಳಿಸಿದರು.

ಪುಕಾ ನಾಕುವಾ ಅವರದು ಇನ್ನೂ ಸ್ಪಷ್ಟವಾದ ಉದಾಹರಣೆ. 2023ರ ಡ್ರಾಫ್ಟ್‌ನಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಅವರನ್ನು ಐದನೆಯ ಸುತ್ತಿನಲ್ಲಿ, ಒಟ್ಟು 177ನೆಯವರಾಗಿ ಆರಿಸಿತು. ಆಗ ಹೆಚ್ಚಿನ ಅಭಿಮಾನಿಗಳು ಆ ಹೆಸರನ್ನು ಗಮನಿಸಿರಲಿಕ್ಕೂ ಇಲ್ಲ. ತಂಡದ ಮುಖ್ಯ ರಿಸೀವರ್ ಕೂಪರ್ ಕಪ್ ತೊಡೆಯ ಹಿಂಭಾಗದ ಸ್ನಾಯು ಸೆಳೆತದಿಂದ ಮೊದಲ ನಾಲ್ಕು ಪಂದ್ಯಗಳಿಂದ ಹೊರಗುಳಿದರು. ಎಸೆಯಲು ಮ್ಯಾಥ್ಯೂ ಸ್ಟಾಫರ್ಡ್ ಅವರಂಥ ಅನುಭವಿ ಇದ್ದರು. ನಾಕುವಾ ಮೊದಲ ಪಂದ್ಯದಲ್ಲಿ 10, ಎರಡನೆಯದರಲ್ಲಿ 15 ಕ್ಯಾಚ್ ಹಿಡಿದರು. ವರ್ಷದ ಕೊನೆಗೆ 105 ಕ್ಯಾಚ್, 1,486 ಯಾರ್ಡ್ ಆಗಿತ್ತು. ರೂಕಿ ರಿಸೀವರ್ ಒಬ್ಬರು ಅಲ್ಲಿಯವರೆಗೆ ಗಳಿಸಿದ್ದ ಅತಿ ಹೆಚ್ಚಿನ ಯಾರ್ಡ್ 1960ರಷ್ಟು ಹಿಂದಿನ ದಾಖಲೆ, ಅದು ಮುರಿಯಿತು. ನಾಕುವಾ ಅಸಾಮಾನ್ಯ ಆಟಗಾರರು, ಅದರಲ್ಲಿ ಅನುಮಾನವಿಲ್ಲ. ಆದರೆ ಕಪ್ ಆರೋಗ್ಯವಾಗಿದ್ದಿದ್ದರೆ ಆ ಸೆಪ್ಟೆಂಬರ್‌ನಲ್ಲಿ ಅಷ್ಟು ಚೆಂಡುಗಳು ಅವರ ಕಡೆ ಬರುತ್ತಿರಲಿಲ್ಲ.

ಹಾಗಾಗಿ ಒಂದು ಕಾಗದದ ಮೇಲೆ ಕ್ವಾರ್ಟರ್‌ಬ್ಯಾಕ್ ಹೆಸರು, ನಿಮ್ಮ ರೂಕಿಗಿಂತ ಮುಂದಿರುವ ರಿಸೀವರ್‌ಗಳ ಹೆಸರು, ಟೈಟ್ ಎಂಡ್ ಹೆಸರು ಬರೆದಿಡಿ. ನಿಮ್ಮ ನಿರೀಕ್ಷೆಯ ಬಹುಪಾಲು ಅಲ್ಲಿಯೇ ತೀರ್ಮಾನವಾಗುತ್ತದೆ.

ಹಂತ 2: ಒಂದು ಸರಳ ಲೆಕ್ಕ ಹಾಕಿ

ಸಾವಿರ ಯಾರ್ಡ್ ಎಂಬುದು ಕಿವಿಗೆ ಇಂಪಾದ ಸಂಖ್ಯೆ. ಅಲ್ಲಿಗೆ ತಲುಪಲು ಏನೇನು ಬೇಕು ಎಂದು ಯೋಚಿಸುವವರು ಕಡಿಮೆ.

ಸಾಮಾನ್ಯ ತಂಡವೊಂದು ಪಂದ್ಯಕ್ಕೆ ಸುಮಾರು 33 ಬಾರಿ ಚೆಂಡು ಎಸೆಯುತ್ತದೆ. 2021ರಿಂದ ಲೀಗ್ ಹಂತದಲ್ಲಿ ಪ್ರತಿ ತಂಡಕ್ಕೆ 17 ಪಂದ್ಯಗಳಿವೆ. ಅಂದರೆ ವರ್ಷಕ್ಕೆ ಹೆಚ್ಚು ಕಡಿಮೆ 560 ಎಸೆತ. ರೂಕಿಗೆ ಅದರಲ್ಲಿ ಐದನೆಯ ಒಂದು ಪಾಲು ಸಿಕ್ಕಿದರೆ ಅದು ದೊಡ್ಡ ಪಾಲೇ. ಸುಮಾರು 112 ಟಾರ್ಗೆಟ್. ಅದರಲ್ಲಿ ನೂರಕ್ಕೆ ಅರವತ್ತನ್ನು ಹಿಡಿದರೆ 67 ಕ್ಯಾಚ್. ಪ್ರತಿ ಕ್ಯಾಚ್‌ಗೆ 12 ಯಾರ್ಡ್ ಎಂದುಕೊಂಡರೆ ಮೊತ್ತ 800ರ ಆಸುಪಾಸು. ಒಂದೆರಡು ಪಂದ್ಯಗಳನ್ನು ಗಾಯಕ್ಕೆ ಬಿಟ್ಟುಕೊಡಿ, 700 ಎನ್ನಿ.

ಇದು ಮೊದಲ ಸುತ್ತಿನಲ್ಲಿ ಬಂದು, ಮೊದಲ ದಿನದಿಂದಲೇ ಆಡುವ, ಎಲ್ಲವೂ ಸುಸೂತ್ರವಾಗಿ ನಡೆದ ಹುಡುಗನ ಲೆಕ್ಕ. ತಂಡದಲ್ಲಿ ಅವನು ಮೂರನೆಯ ಆಯ್ಕೆಯಾಗಿದ್ದರೆ ಟಾರ್ಗೆಟ್ 70ಕ್ಕೆ ಇಳಿದು ಯಾರ್ಡ್ 500ಕ್ಕೆ ನಿಲ್ಲುತ್ತದೆ. ಆ 500 ವೈಫಲ್ಯವಲ್ಲ. ತಂಡ ಅವನಿಗೆ ಕೊಟ್ಟ ಕೆಲಸವೇ ಅಷ್ಟು.

ಹಂತ 3: ಓಟದ ಗಡಿಯಾರವನ್ನೂ ಆಯ್ಕೆಯ ಸಂಖ್ಯೆಯನ್ನೂ ಹೆಚ್ಚು ನಂಬಬೇಡಿ

ಇಂಡಿಯಾನಾಪೊಲಿಸ್‌ನಲ್ಲಿ ಡ್ರಾಫ್ಟ್‌ಗೆ ಮುಂಚೆ ನಡೆಯುವ ಪರೀಕ್ಷೆಗಳಲ್ಲಿ 40 ಯಾರ್ಡ್ ಓಟಕ್ಕೆ ಸಿಗುವಷ್ಟು ಪ್ರಚಾರ ಬೇರೆ ಯಾವುದಕ್ಕೂ ಸಿಗುವುದಿಲ್ಲ. ಜಾನ್ ರಾಸ್ 2017ರಲ್ಲಿ ಅದನ್ನು 4.22 ಸೆಕೆಂಡುಗಳಲ್ಲಿ ಓಡಿದರು, ಅಂದಿನ ದಾಖಲೆ. ಸಿನ್ಸಿನಾಟಿ ಬೆಂಗಾಲ್ಸ್ ಅವರನ್ನು ಒಂಬತ್ತನೆಯವರಾಗಿ ಆರಿಸಿತು. ಮೊದಲ ವರ್ಷ ಅವರ ಹೆಸರಿನಲ್ಲಿ ಒಂದು ಕ್ಯಾಚ್ ಕೂಡ ಇರಲಿಲ್ಲ. ಅದಕ್ಕೂ ಹಿಂದಿನ ವರ್ಷ 23ನೆಯ ಆಯ್ಕೆಯಾಗಿ ವೈಕಿಂಗ್ಸ್ ಸೇರಿದ ಲಕ್ವಾನ್ ಟ್ರೆಡ್‌ವೆಲ್ ಇಡೀ ಋತುವಿನಲ್ಲಿ ಹಿಡಿದದ್ದು ಒಂದೇ ಒಂದು ಚೆಂಡು.

ಹಂತ 4: ಆಗಸ್ಟ್ ತಿಂಗಳಲ್ಲಿ ಯಾವ ತೀರ್ಪನ್ನೂ ಕೊಡಬೇಡಿ

ಜುಲೈ ಕೊನೆಗೆ ತರಬೇತಿ ಶಿಬಿರ ಶುರುವಾಗುತ್ತದೆ, ಆಗಸ್ಟ್‌ನಲ್ಲಿ ಅಭ್ಯಾಸ ಪಂದ್ಯಗಳು. ಪ್ರತಿ ವರ್ಷ ಈ ದಿನಗಳಲ್ಲಿ ಹತ್ತು ಸೆಕೆಂಡಿನ ತುಣುಕು ನೋಡಿ ಜನ ಹಿಗ್ಗುತ್ತಾರೆ ಅಥವಾ ಕುಗ್ಗುತ್ತಾರೆ.

2021ರಲ್ಲಿ ಬೆಂಗಾಲ್ಸ್ ತಂಡ ಜಮಾರ್ ಚೇಸ್ ಅವರನ್ನು ಐದನೆಯವರಾಗಿ ಆರಿಸಿತು. ಕ್ವಾರ್ಟರ್‌ಬ್ಯಾಕ್ ಜೋ ಬರೊ ಅವರನ್ನು ಕಾಪಾಡಲು ಬಲಿಷ್ಠ ಲೈನ್‌ಮನ್ ಪೆನೆ ಸೂವೆಲ್ ಅವರನ್ನೇ ತರಬೇಕಿತ್ತು ಎಂಬ ವಾದ ಮೊದಲೇ ಜೋರಾಗಿತ್ತು. ಅದರ ಮೇಲೆ ಅಭ್ಯಾಸ ಪಂದ್ಯಗಳಲ್ಲಿ ಚೇಸ್ ಸುಲಭದ ಚೆಂಡುಗಳನ್ನು ಕೈಬಿಟ್ಟರು. ಅವರು ಕೊಟ್ಟ ಕಾರಣ ನೇರವಾಗಿತ್ತು: ಕಾಲೇಜಿನ ಚೆಂಡಿನ ತುದಿಗಳ ಬಳಿ ಬಿಳಿ ಪಟ್ಟೆ ಇರುತ್ತದೆ, ವೃತ್ತಿಪರ ಚೆಂಡಿಗೆ ಅದಿಲ್ಲ, ಹಾಗಾಗಿ ತಿರುಗುತ್ತ ಬರುವ ಚೆಂಡನ್ನು ಕಣ್ಣು ಗುರುತಿಸುವುದು ಕಷ್ಟವಾಗುತ್ತಿದೆ. ಇದು ನೆಪ ಎಂದು ಗೇಲಿ ಮಾಡಿದವರು ಬಹಳ ಮಂದಿ. ಚೇಸ್ ಅದರ ಹಿಂದಿನ ವರ್ಷ ಇಡೀ ಕಾಲೇಜು ಋತುವನ್ನು ಆಡದೆ ಬಿಟ್ಟಿದ್ದರು ಎಂಬುದನ್ನು ನೆನಪಿಟ್ಟುಕೊಂಡವರು ಕಡಿಮೆ. ವೇಗವಾಗಿ ತಿರುಗುವ ಕಂದು ಚೆಂಡನ್ನು ಹೊನಲು ಬೆಳಕಿನಲ್ಲಿ ನೋಡುವ ಅಭ್ಯಾಸ ತಪ್ಪಿದವರಿಗೆ ಆ ಬಿಳಿ ಗೆರೆ ಎಷ್ಟು ಆಧಾರವಾಗಿರುತ್ತದೆ ಎಂದು ಚೆಂಡು ಹಿಡಿದವರಿಗೇ ಗೊತ್ತು. ಸೆಪ್ಟೆಂಬರ್‌ನ ಮೊದಲ ಪಂದ್ಯದಲ್ಲಿ ಚೇಸ್ 101 ಯಾರ್ಡ್ ಗಳಿಸಿದರು. ಜನವರಿ ಆರಂಭದಲ್ಲಿ ಕಾನ್ಸಾಸ್ ಸಿಟಿಯ ಎದುರು ಒಂದೇ ಪಂದ್ಯದಲ್ಲಿ 266. ವರ್ಷದ ಮೊತ್ತ 1,455 ಯಾರ್ಡ್, 13 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು). ಆ ತಂಡ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತನಕ ಹೋಯಿತು.

ಹಾಗೆಂದು ಆಗಸ್ಟ್‌ನಲ್ಲಿ ಮಿಂಚಿದವರೆಲ್ಲ ಡಿಸೆಂಬರ್‌ನಲ್ಲೂ ಮಿಂಚುತ್ತಾರೆ ಎಂದೂ ತಿಳಿಯಬೇಡಿ. ಅಭ್ಯಾಸ ಪಂದ್ಯದ ದ್ವಿತೀಯಾರ್ಧದಲ್ಲಿ ಎದುರು ನಿಂತಿರುವ ಕಾರ್ನರ್‌ಬ್ಯಾಕ್‌ಗಳಲ್ಲಿ ಎಷ್ಟೋ ಜನರಿಗೆ 53 ಮಂದಿಯ ಅಂತಿಮ ಪಟ್ಟಿಯಲ್ಲಿ ಜಾಗ ಸಿಗುವುದೇ ಇಲ್ಲ.

ಹಂತ 5: ಚೆಂಡನ್ನು ಬಿಟ್ಟು ಕಾಲುಗಳನ್ನು ನೋಡಿ

ಉಳಿದ ಹಂತಗಳನ್ನು ಮರೆತರೂ ಇದೊಂದನ್ನು ಮಾಡಿ. ರಿಸೀವರ್ ಒಂದು ಪಂದ್ಯದಲ್ಲಿ ಮೂವತ್ತಕ್ಕೂ ಹೆಚ್ಚು ಬಾರಿ ರೂಟ್ ಓಡಬಹುದು. ಅವನ ಕಡೆ ಚೆಂಡು ಬರುವುದು ಆರೇಳು ಬಾರಿ. ಚೆಂಡು ಬಂದಾಗ ಮಾತ್ರ ಅವನನ್ನು ನೋಡುವವರಿಗೆ ಅವನ ಕೆಲಸದ ಮುಕ್ಕಾಲು ಭಾಗ ಕಾಣುವುದೇ ಇಲ್ಲ.

ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ರಿಸೀವರ್ ಹತ್ತು ಹೆಜ್ಜೆ ಓಡುವಷ್ಟರಲ್ಲಿ ಪರದೆಯಿಂದ ಹೊರಗಿರುತ್ತಾನೆ. ಆದರೆ ಆಟ ಶುರುವಾಗುವ ಮುಂಚಿನ ಮೂರು ನಾಲ್ಕು ಸೆಕೆಂಡು, ಶುರುವಾದ ಮೇಲಿನ ಒಂದು ಸೆಕೆಂಡು ಸಾಮಾನ್ಯವಾಗಿ ಸಿಗುತ್ತವೆ. ಅಷ್ಟರಲ್ಲೇ ಬಹಳಷ್ಟನ್ನು ಕಾಣಬಹುದು. ಇನ್ನೂ ಆಸಕ್ತಿ ಇದ್ದವರು ಲೀಗ್‌ನ ಶುಲ್ಕ ಸಹಿತ ಸೇವೆಯಲ್ಲಿ ಇಪ್ಪತ್ತೆರಡೂ ಆಟಗಾರರು ಒಟ್ಟಿಗೆ ಕಾಣುವ, ಕೋಚ್‌ಗಳು ಬಳಸುವ ಚಿತ್ರಣವನ್ನು ನೋಡಬಹುದು. ಅದಕ್ಕೆ ಆಲ್-22 ಎಂದು ಹೆಸರು.

ಏನು ನೋಡಬೇಕು? ಮೊದಲನೆಯದು, ಅವನ ಮುಂದೆ ಕಾರ್ನರ್‌ಬ್ಯಾಕ್ ಎಷ್ಟು ದೂರದಲ್ಲಿ ನಿಂತಿದ್ದಾನೆ ಎಂಬುದು. ತೋಳಳತೆಯಲ್ಲಿ ನಿಂತಿದ್ದರೆ ಅದು ಪ್ರೆಸ್. ಮೊದಲ ಐದು ಯಾರ್ಡ್ ಒಳಗೆ ರಿಸೀವರ್‌ನನ್ನು ಕೈಯಿಂದ ತಡೆಯಲು ನಿಯಮ ಅವಕಾಶ ಕೊಡುತ್ತದೆ. ಇಲ್ಲಿಯೇ ಹೆಚ್ಚಿನ ಹೊಸಬರು ಸೋಲುವುದು. ಕಾಲೇಜಿನಲ್ಲಿ ವೇಗದಿಂದಲೇ ದಾಟಿ ಹೋಗುತ್ತಿದ್ದವನ ಎದೆಗೆ ಇಲ್ಲಿ ಅಷ್ಟೇ ವೇಗದ, ಅವನಿಗಿಂತ ಐದಾರು ವರ್ಷ ಹೆಚ್ಚು ಅನುಭವವಿರುವ ಗಂಡಸೊಬ್ಬನ ಅಂಗೈ ಬಂದು ಬಡಿಯುತ್ತದೆ. ರಣಜಿಯಲ್ಲಿ ರಾಶಿ ರನ್ ಪೇರಿಸಿದ ಬ್ಯಾಟರ್ ಮೊದಲ ಸಲ ಟೆಸ್ಟ್ ಪಂದ್ಯದ ಹೊಸ ಚೆಂಡನ್ನು ಎದುರಿಸುವ ಕ್ಷಣಕ್ಕೆ ಇದನ್ನು ಹೋಲಿಸಬಹುದು.

ಒಂದು ಆಟವನ್ನು ಹತ್ತಿರದಿಂದ ನೋಡೋಣ. ರೂಟ್‌ನ ಹೆಸರು ಸ್ಲ್ಯಾಂಟ್: ಎರಡು ಮೂರು ಹೆಜ್ಜೆ ನೇರ ಓಡಿ, ಓರೆಯಾಗಿ ಮೈದಾನದ ಮಧ್ಯಕ್ಕೆ ತಿರುಗುವುದು. ಪಳಗದ ರೂಕಿ ಆಟ ಶುರುವಾದೊಡನೆ ಇದ್ದಲ್ಲೇ ಪಾದಗಳನ್ನು ಪಟಪಟ ಕುಣಿಸುತ್ತಾನೆ. ಮೇಲ್ನೋಟಕ್ಕೆ ಚುರುಕಾಗಿ ಕಾಣುತ್ತದೆ, ಆದರೆ ಒಂದಿಂಚೂ ಮುಂದೆ ಹೋಗಿರುವುದಿಲ್ಲ. ಅಷ್ಟರಲ್ಲಿ ಕಾರ್ನರ್‌ಬ್ಯಾಕ್ ಒಳಹಾದಿಯನ್ನು ಮುಚ್ಚಿರುತ್ತಾನೆ, ಕ್ವಾರ್ಟರ್‌ಬ್ಯಾಕ್ ಬೇರೆ ಕಡೆ ನೋಡಿರುತ್ತಾನೆ. ಪಳಗಿದವನು ಹೊರಗಡೆಗೆ ಒಂದೇ ಒಂದು ಗಟ್ಟಿ ಹೆಜ್ಜೆ ಇಡುತ್ತಾನೆ, ತಲೆಯನ್ನೂ ಭುಜವನ್ನೂ ಆ ಕಡೆಗೇ ವಾಲಿಸುತ್ತಾನೆ. ಕಾರ್ನರ್‌ಬ್ಯಾಕ್‌ನ ಸೊಂಟ ಹೊರಕ್ಕೆ ತಿರುಗಿದ ಕ್ಷಣ ಎದುರಾಳಿಯ ಕೈಯನ್ನು ಕೆಳಕ್ಕೆ ಬಡಿದು ಒಳಗೆ ನುಗ್ಗುತ್ತಾನೆ. ಚೆಂಡು ಬಂದರೂ ಬರದಿದ್ದರೂ ಆ ಆಟವನ್ನು ಅವನು ಗೆದ್ದ ಹಾಗೆಯೇ. ನಿಮ್ಮ ಹುಡುಗ ಸೆಪ್ಟೆಂಬರ್‌ನಲ್ಲಿ ಇಂಥವನ್ನು ಹತ್ತಕ್ಕೆ ಮೂರು ಗೆದ್ದು, ನವೆಂಬರ್‌ನಲ್ಲಿ ಹತ್ತಕ್ಕೆ ಐದು ಗೆಲ್ಲುತ್ತಿದ್ದರೆ ಅಂಕಿಗಳು ಏನೇ ಹೇಳಲಿ, ನೀವು ನೆಮ್ಮದಿಯಿಂದಿರಬಹುದು.

ಎರಡನೆಯದು, ಅಂಚಿನ ಗೆರೆಯ ಬಳಿ ಅವನ ಪಾದಗಳು. ಕಾಲೇಜಿನಲ್ಲಿ ಚೆಂಡು ಹಿಡಿಯುವಾಗ ಒಂದು ಪಾದ ಗೆರೆಯ ಒಳಗಿದ್ದರೆ ಸಾಕು. ಎನ್‌ಎಫ್‌ಎಲ್‌ನಲ್ಲಿ ಎರಡೂ ಪಾದ ಒಳಗೆ ನೆಲ ಮುಟ್ಟಬೇಕು. ವರ್ಷಗಟ್ಟಲೆ ದೇಹಕ್ಕೆ ಅಂಟಿದ ಅಭ್ಯಾಸವನ್ನು ಬದಲಿಸುವ ಕೆಲಸವದು.

ಮೂರನೆಯದು ಕಣ್ಣಿಗೆ ಬೀಳುವುದು ಕಷ್ಟ, ಆದರೆ ಕೋಚ್‌ಗಳು ಅತಿ ಹೆಚ್ಚು ಬೆಲೆ ಕೊಡುವುದು ಅದಕ್ಕೇ. ಎಷ್ಟೋ ರೂಟ್‌ಗಳು ಮೊದಲೇ ಪೂರ್ತಿ ತೀರ್ಮಾನವಾಗಿರುವುದಿಲ್ಲ. ಎದುರಾಳಿ ಒಳಗಡೆ ನಿಂತರೆ ಹೊರಗೆ ತಿರುಗು, ಹಿಂದೆ ಸರಿದರೆ ಅಲ್ಲೇ ನಿಂತು ತಿರುಗು ಎಂಬಂಥ ಆಯ್ಕೆಗಳಿರುತ್ತವೆ. ಓಡುತ್ತಿರುವಾಗಲೇ ರಿಸೀವರ್ ಮತ್ತು ಕ್ವಾರ್ಟರ್‌ಬ್ಯಾಕ್ ಇಬ್ಬರೂ ಎದುರಾಳಿಯನ್ನು ಓದಿ ಒಂದೇ ಉತ್ತರಕ್ಕೆ ಬರಬೇಕು. ಚೆಂಡು ಯಾರೂ ಇಲ್ಲದ ಜಾಗಕ್ಕೆ ಹೋಗಿ ಬಿದ್ದು, ಕ್ವಾರ್ಟರ್‌ಬ್ಯಾಕ್ ಕೈ ಚಾಚಿ ಏನೋ ಹೇಳುತ್ತ ರಿಸೀವರ್ ಕಡೆ ನಡೆಯುವುದನ್ನು ನೋಡಿರುತ್ತೀರಿ. ಹೆಚ್ಚಿನ ಸಲ ಇಬ್ಬರೂ ಎರಡು ಬೇರೆ ಉತ್ತರಗಳನ್ನು ಓದಿರುತ್ತಾರೆ. ಎಸೆತ ಕೆಟ್ಟದ್ದು ಎಂದು ನಾವು ಕೂಗುತ್ತೇವೆ, ತಪ್ಪು ರೂಕಿಯದಿರಬಹುದು. ಹುಡುಗ ತಪ್ಪು ಓಡಿದ ಎಂದು ಕೂಗುತ್ತೇವೆ, ತಪ್ಪು ಕ್ವಾರ್ಟರ್‌ಬ್ಯಾಕ್‌ನದಿರಬಹುದು. ಇಂಥ ಕಡೆ ಹೊರಗಿನವರು ಬಾಯಿ ಬಿಗಿಹಿಡಿಯುವುದೇ ಸರಿ.

ಭಾರತದಲ್ಲಿ ಕುಳಿತು ನೋಡುವವರಿಗೆ ಒಂದು ಸಲಹೆ. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಅಮೆರಿಕದ ಪೂರ್ವ ಕರಾವಳಿಯ ಸಮಯದಲ್ಲಿ ಶುರುವಾಗುವ ಪಂದ್ಯ ನಮಗೆ ರಾತ್ರಿ ಹತ್ತೂವರೆಗೆ ಬರುತ್ತದೆ, ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಹನ್ನೊಂದೂವರೆಗೆ. ಪೂರ್ತಿ ಪಂದ್ಯ ನೋಡಲು ಆಗದಿದ್ದರೆ ಸಾರಾಂಶದ ತುಣುಕಿಗೆ ಹೋಗಬೇಡಿ, ಅದರಲ್ಲಿ ಬರೀ ಕ್ಯಾಚ್‌ಗಳೇ ಇರುತ್ತವೆ. ಮರುದಿನ ಪಂದ್ಯದ ಒಂದು ಕ್ವಾರ್ಟರ್, ಅಂದರೆ ಕಾಲು ಭಾಗ, ಮಾತ್ರ ತೆಗೆದುಕೊಂಡು, ನಿಮ್ಮ ರಿಸೀವರ್ ಒಬ್ಬನನ್ನೇ ಪ್ರತಿ ಆಟದಲ್ಲೂ ಹಿಂಬಾಲಿಸಿ. ಸಾರಾಂಶಕ್ಕಿಂತ ಎಷ್ಟೋ ಹೆಚ್ಚು ತಿಳಿಯುತ್ತದೆ.

ಹಂತ 6: ವರ್ಷವನ್ನು ಒಟ್ಟಾಗಿ ಕೂಡಬೇಡಿ, ತುಂಡು ಮಾಡಿ ನೋಡಿ

17 ಪಂದ್ಯಗಳನ್ನು ಆರು, ಆರು, ಐದು ಎಂದು ಮೂರು ಭಾಗ ಮಾಡಿ. ಮೊದಲ ಭಾಗದಿಂದ ಏನನ್ನೂ ತೀರ್ಮಾನಿಸಬೇಡಿ. ಮೂರನೆಯ ಭಾಗವನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಜೆಫರ್ಸನ್ ಮೊದಲ ಎರಡು ಪಂದ್ಯಗಳನ್ನು ಆರಂಭಿಕ ತಂಡದಲ್ಲಿ ಆಡಲಿಲ್ಲ. ಅವುಗಳಲ್ಲಿ ಸಿಕ್ಕಿದ್ದು ಒಟ್ಟು ಐದು ಕ್ಯಾಚ್. ಮೂರನೆಯ ಪಂದ್ಯದಲ್ಲಿ ಟೆನೆಸೀ ಎದುರು 175 ಯಾರ್ಡ್. ಎರಡು ಪಂದ್ಯ ನೋಡಿ ಕೈಚೆಲ್ಲಿದ್ದವರಿಗೆ ಆ ಮಧ್ಯಾಹ್ನ ಉತ್ತರ ಸಿಕ್ಕಿತು.

ಡೆಟ್ರಾಯಿಟ್ ಲಯನ್ಸ್‌ನ ಅಮೋನ್-ರಾ ಸೇಂಟ್ ಬ್ರೌನ್ 2021ರಲ್ಲಿ ನಾಲ್ಕನೆಯ ಸುತ್ತಿನಲ್ಲಿ, 112ನೆಯವರಾಗಿ ಬಂದವರು. ತಮಗಿಂತ ಮುಂಚೆ ಆಯ್ಕೆಯಾದ ಹದಿನಾರು ರಿಸೀವರ್‌ಗಳ ಹೆಸರನ್ನೂ ಬಾಯಿಪಾಠ ಮಾಡಿಟ್ಟುಕೊಂಡವರು. ನವೆಂಬರ್ ಮುಗಿಯುವವರೆಗೂ ಅವರ ಹೆಸರಿನಲ್ಲಿ ಒಂದು ಟಚ್‌ಡೌನ್ ಇರಲಿಲ್ಲ, ತಂಡಕ್ಕೆ ಒಂದು ಗೆಲುವೂ ಇರಲಿಲ್ಲ. ಡಿಸೆಂಬರ್ 5ರಂದು ವೈಕಿಂಗ್ಸ್ ಎದುರು ಗಡಿಯಾರ ಸೊನ್ನೆಗೆ ಬಂದಾಗ ಕೊನೆಯ ಎಸೆತವನ್ನು ಹಿಡಿದು ಅವರು ಎರಡನ್ನೂ ಒಟ್ಟಿಗೆ ತಂದರು. ಅಲ್ಲಿಂದ ಕೊನೆಯ ಆರು ಪಂದ್ಯಗಳಲ್ಲಿ ಪ್ರತಿಯೊಂದರಲ್ಲೂ ಎಂಟು ಅಥವಾ ಹೆಚ್ಚು ಕ್ಯಾಚ್. ವರ್ಷದ ಮೊತ್ತ 90 ಕ್ಯಾಚ್, 912 ಯಾರ್ಡ್ ಎಂದು ಓದಿದರೆ ಒಳ್ಳೆಯ ರೂಕಿ ಎನಿಸುತ್ತದೆ. ಕೊನೆಯ ಆರು ಪಂದ್ಯಗಳನ್ನು ಪ್ರತ್ಯೇಕವಾಗಿ ನೋಡಿದ್ದವರಿಗೆ ಮುಂದೆ ಬರಲಿರುವ ದೊಡ್ಡ ಆಟಗಾರ ಆಗಲೇ ಕಂಡಿದ್ದರು.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತ, ಸಾಂಟಾ ಕ್ಲಾರಾ, ಸನ್ನಿವೇಲ್ ಕಡೆ ಇರುವ ಕನ್ನಡಿಗರಿಗೆ ರಿಕಿ ಪಿಯರ್ಸಲ್ ಹೆಸರು ಗೊತ್ತಿರುತ್ತದೆ. 2024ರಲ್ಲಿ 49ಅರ್ಸ್ ತಂಡದ ಮೊದಲ ಸುತ್ತಿನ ಆಯ್ಕೆ. ಋತು ಶುರುವಾಗುವ ಮುಂಚೆ, ಆಗಸ್ಟ್ 31ರಂದು ನಗರದ ಯೂನಿಯನ್ ಸ್ಕ್ವೇರ್‌ನಲ್ಲಿ ದರೋಡೆ ಯತ್ನವೊಂದರಲ್ಲಿ ಅವರ ಎದೆಗೆ ಗುಂಡು ಬಿತ್ತು. ಅಕ್ಟೋಬರ್ 20ರಂದು ಅವರು ಮೈದಾನಕ್ಕಿಳಿದರು. ವರ್ಷದ ಲೆಕ್ಕ 31 ಕ್ಯಾಚ್, 400 ಯಾರ್ಡ್. ಅದರ ಅರ್ಧದಷ್ಟು ಬಂದದ್ದು ಕೊನೆಯ ಎರಡು ಪಂದ್ಯಗಳಲ್ಲಿ. ಮೊದಲ ಸುತ್ತಿನ ರಿಸೀವರ್‌ಗೆ 400 ಯಾರ್ಡ್ ಕಡಿಮೆ ಎಂದು ಯಾರಾದರೂ ಹೇಳಿದರೆ ಆ ದಿನಾಂಕಗಳನ್ನು ಅವರಿಗೆ ನೆನಪಿಸಿ.

ಇನ್ನೊಂದು ಮಾತು. ನವೆಂಬರ್ ನಡುವಿಗೆ ರೂಕಿಗಳು ದಣಿಯುವುದು ಸಹಜ. ಹಿಂದಿನ ವರ್ಷದ ಕಾಲೇಜು ಋತು ಮುಗಿಯುತ್ತಲೇ ಡ್ರಾಫ್ಟ್ ಪರೀಕ್ಷೆಯ ತಯಾರಿ, ಆಮೇಲೆ ಹೊಸ ಊರು, ಶಿಬಿರ, ಪಂದ್ಯಗಳು. ನಡುವೆ ವಿಶ್ರಾಂತಿಯೇ ಇರುವುದಿಲ್ಲ. ಆಗ ಒಂದೆರಡು ವಾರ ಮಂಕಾದರೆ ಗಾಬರಿಯಾಗಬೇಡಿ.

ಹಂತ 7: ಕೈಬಿಟ್ಟ ಚೆಂಡುಗಳನ್ನು ಅಳೆಯುವ ರೀತಿ

ಡ್ರಾಪ್ ಎಲ್ಲರಿಗೂ ಕಾಣುತ್ತದೆ, ಅದಕ್ಕೇ ಎಲ್ಲರಿಗೂ ಸಿಟ್ಟು ಬರುತ್ತದೆ. ಜೆರ್ರಿ ರೈಸ್ 1985ರಲ್ಲಿ 49ಅರ್ಸ್ ಸೇರಿದ ಮೊದಲ ತಿಂಗಳುಗಳಲ್ಲಿ ಚೆಂಡುಗಳನ್ನು ಕೈಬಿಡುತ್ತಿದ್ದರು, ತವರಿನ ಪ್ರೇಕ್ಷಕರೇ ಅವರನ್ನು ಮೂದಲಿಸಿದರು. ಡಿಸೆಂಬರ್‌ನಲ್ಲಿ ರ‍್ಯಾಮ್ಸ್ ಎದುರು ಅವರು 241 ಯಾರ್ಡ್ ಗಳಿಸಿದರು, ಮರುವರ್ಷ 1,570. ನಿವೃತ್ತಿಯ ವೇಳೆಗೆ 22,895. ಇಂದಿಗೂ ಅದರ ಹತ್ತಿರ ಯಾರೂ ಬಂದಿಲ್ಲ.

ಡ್ರಾಪ್‌ಗಳಲ್ಲಿ ಎರಡು ಬಗೆ. ಚೆಂಡು ಕೈಗೆ ಬರುವ ಮೊದಲೇ ಓಡಲು ಕಣ್ಣು ತಿರುಗಿಸಿ ಬಿಟ್ಟದ್ದು ಒಂದು. ಅದು ಅವಸರ, ಅಭ್ಯಾಸದಿಂದ ಹೋಗುತ್ತದೆ. ಚೆಂಡನ್ನು ಕೈ ಚಾಚಿ ಹಿಡಿಯದೆ ಎದೆಗೆ ಬರುವವರೆಗೆ ಕಾಯುವುದು ಇನ್ನೊಂದು. ಅದು ಮೂರು ತಿಂಗಳಾದರೂ ಬದಲಾಗದಿದ್ದರೆ ಚಿಂತಿಸುವುದು ನ್ಯಾಯ, ಏಕೆಂದರೆ ಅಷ್ಟರಲ್ಲಿ ಕಾರ್ನರ್‌ಬ್ಯಾಕ್‌ನ ಕೈ ಅಡ್ಡ ಬಂದಿರುತ್ತದೆ.

ಹಂತ 8: ಹೋಲಿಸುವುದಾದರೆ ನ್ಯಾಯವಾಗಿ ಹೋಲಿಸಿ

ಹೋಲಿಕೆಯಿಲ್ಲದೆ ಅಭಿಮಾನವಿಲ್ಲ, ಒಪ್ಪುತ್ತೇನೆ. 2024ರಲ್ಲಿ ಅರಿಜೋನ ಕಾರ್ಡಿನಲ್ಸ್ ನಾಲ್ಕನೆಯವರಾಗಿ ಮಾರ್ವಿನ್ ಹ್ಯಾರಿಸನ್ ಜೂನಿಯರ್ ಅವರನ್ನು, ನ್ಯೂಯಾರ್ಕ್ ಜೈಂಟ್ಸ್ ಆರನೆಯವರಾಗಿ ಮಲಿಕ್ ನೇಬರ್ಸ್ ಅವರನ್ನು ಆರಿಸಿದವು. ಹ್ಯಾರಿಸನ್ ಅವರ ತಂದೆ ಹಾಲ್ ಆಫ್ ಫೇಮ್ ಸೇರಿದ ರಿಸೀವರ್. ಮಗನ ಮೇಲಿನ ಭಾರವನ್ನು ಊಹಿಸಬಹುದು. ಮೊದಲ ಪಂದ್ಯ: ಒಂದು ಕ್ಯಾಚ್, ನಾಲ್ಕು ಯಾರ್ಡ್. ಇವರು ಇಷ್ಟೇನಾ ಎಂಬ ಮಾತು ವಾರವಿಡೀ ಕೇಳಿಬಂತು. ಎರಡನೆಯ ಪಂದ್ಯ: ಮೊದಲ ಕ್ವಾರ್ಟರ್‌ನಲ್ಲೇ 130 ಯಾರ್ಡ್, ಎರಡು ಟಚ್‌ಡೌನ್. ಮತ್ತೆ ಅದೇ ಜನ ಅವರನ್ನು ತಲೆಯ ಮೇಲೆ ಹೊತ್ತರು.

ವರ್ಷದ ಕೊನೆಗೆ ನೇಬರ್ಸ್ 109 ಕ್ಯಾಚ್, 1,204 ಯಾರ್ಡ್. ಹ್ಯಾರಿಸನ್ 62 ಕ್ಯಾಚ್, 885 ಯಾರ್ಡ್. ತಪ್ಪು ಹುಡುಗನನ್ನು ಆರಿಸಿದೆವು ಎಂದು ಅರಿಜೋನದಲ್ಲಿ ಹಲವರು ಹಲುಬಿದರು. ಈಗ ಟಾರ್ಗೆಟ್ ನೋಡಿ: ನೇಬರ್ಸ್‌ಗೆ 170, ಹ್ಯಾರಿಸನ್‌ಗೆ 116. ಒಂದು ಟಾರ್ಗೆಟ್‌ಗೆ ನೇಬರ್ಸ್ ಗಳಿಸಿದ್ದು ಸುಮಾರು 7.1 ಯಾರ್ಡ್, ಹ್ಯಾರಿಸನ್ ಸುಮಾರು 7.6. ಅರಿಜೋನದಲ್ಲಿ ಟೈಟ್ ಎಂಡ್ ಟ್ರೇ ಮೆಕ್‌ಬ್ರೈಡ್ 111 ಚೆಂಡು ಹಿಡಿದಿದ್ದರು, ನ್ಯೂಯಾರ್ಕ್‌ನಲ್ಲಿ ಎಸೆಯುವವರ ಮೊದಲ ಗುರಿ ನೇಬರ್ಸ್ ಅವರೇ ಆಗಿದ್ದರು. ಅಷ್ಟಕ್ಕೆ ಹ್ಯಾರಿಸನ್ ಮೇಲು ಎಂದು ತೀರ್ಮಾನಿಸುವುದೂ ತಪ್ಪು. ಎದುರಾಳಿಗಳೆಲ್ಲ ತನ್ನನ್ನೇ ಕಾಯುತ್ತಿರುವಾಗ, ಎಸೆಯುವವರು ಮೇಲಿಂದ ಮೇಲೆ ಬದಲಾಗುತ್ತಿರುವಾಗ, 170 ಬಾರಿ ಚೆಂಡು ತನ್ನ ಕಡೆ ಬರುವಂತೆ ತೆರವಾಗಿ ನಿಲ್ಲುವುದು ಸಾಮಾನ್ಯ ಸಾಮರ್ಥ್ಯವಲ್ಲ. ನನ್ನ ಮಟ್ಟಿಗೆ ಆ ವರ್ಷ ನೇಬರ್ಸ್ ಅವರೇ ಮುಂದಿದ್ದರು, ಆದರೆ ಮೊತ್ತದ ಅಂಕಿ ತೋರಿಸುವಷ್ಟು ದೂರವಲ್ಲ.

2023ರ ಡ್ರಾಫ್ಟ್ ಇನ್ನೂ ಒಳ್ಳೆಯ ಪಾಠ. 20ರಿಂದ 23ರವರೆಗೆ ಸಾಲಾಗಿ ನಾಲ್ವರು ರಿಸೀವರ್‌ಗಳು ಹೋದರು: ಸಿಯಾಟಲ್‌ಗೆ ಜ್ಯಾಕ್ಸನ್ ಸ್ಮಿತ್-ಎನ್ಜಿಗ್ಬಾ, ಲಾಸ್ ಏಂಜಲೀಸ್ ಚಾರ್ಜರ್ಸ್‌ಗೆ ಕ್ವೆಂಟಿನ್ ಜಾನ್ಸ್ಟನ್, ಬಾಲ್ಟಿಮೋರ್‌ಗೆ ಜೇ ಫ್ಲವರ್ಸ್, ಮಿನೆಸೋಟಕ್ಕೆ ಜೋರ್ಡನ್ ಆಡಿಸನ್. ಮೊದಲ ವರ್ಷ ಆಡಿಸನ್ 911 ಯಾರ್ಡ್, ಫ್ಲವರ್ಸ್ 858, ಸ್ಮಿತ್-ಎನ್ಜಿಗ್ಬಾ 628, ಜಾನ್ಸ್ಟನ್ 431. ಸಿಯಾಟಲ್ ಮೋಸ ಹೋಯಿತು ಎಂದು ಆಗ ಹೇಳುವುದು ಸುಲಭವಿತ್ತು. ಆದರೆ ಸ್ಮಿತ್-ಎನ್ಜಿಗ್ಬಾ ಅವರ ಮುಂದೆ ಡಿ.ಕೆ. ಮೆಟ್‌ಕಾಫ್ ಮತ್ತು ಟೈಲರ್ ಲಾಕೆಟ್ ಎಂಬ ಇಬ್ಬರು ಹಿರಿಯರಿದ್ದರು, ಆಗಸ್ಟ್‌ನಲ್ಲಿ ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆ ಬೇರೆ ಆಗಿತ್ತು. ಎರಡನೆಯ ವರ್ಷ ಅವರು 100 ಕ್ಯಾಚ್‌ಗಳಲ್ಲಿ 1,130 ಯಾರ್ಡ್ ಗಳಿಸಿದರು, 2025ರಲ್ಲಿ ಇಡೀ ಲೀಗ್‌ನಲ್ಲೇ ಅತಿ ಹೆಚ್ಚು ಯಾರ್ಡ್ ಅವರದಾಯಿತು. ಎಲ್ಲರ ಬಾಯಲ್ಲೂ ಬೈಗುಳ ತಿಂದಿದ್ದ ಜಾನ್ಸ್ಟನ್ ಕೂಡ ಎರಡನೆಯ ವರ್ಷ ಎಂಟು ಟಚ್‌ಡೌನ್ ಹೊಡೆದರು.

ಎಲ್ಲ ತಾಳ್ಮೆಗೂ ಫಲ ಸಿಗುತ್ತದೆ ಎಂದು ನಾನು ಭರವಸೆ ಕೊಡಲಾರೆ. 2020ರಲ್ಲಿ ಜೆಫರ್ಸನ್‌ಗಿಂತ ಒಂದು ಸ್ಥಾನ ಮುಂಚೆ ಫಿಲಡೆಲ್ಫಿಯಾ ಆರಿಸಿದ್ದು ಜೇಲನ್ ರೇಗರ್ ಅವರನ್ನು. ಮೊದಲ ವರ್ಷ 396 ಯಾರ್ಡ್, ಆಮೇಲೂ ಅದು ಹೆಚ್ಚಲಿಲ್ಲ. ಎರಡು ಋತುಗಳ ನಂತರ ತಂಡ ಅವರನ್ನು ಬಿಟ್ಟುಕೊಟ್ಟಿತು, ಅದೂ ವೈಕಿಂಗ್ಸ್‌ಗೇ. ಕೆಲವು ಆಯ್ಕೆಗಳು ಕೈಗೂಡುವುದಿಲ್ಲ. ಅದನ್ನು ತಿಳಿಯಲು ಆರು ವಾರ ಸಾಲದು ಎಂಬುದಷ್ಟೇ ನನ್ನ ಮಾತು.

ಹಂತ 9: ಆಟಗಾರನ ಬಳಿ ಹೇಗೆ ನಡೆದುಕೊಳ್ಳಬೇಕು

ಚೆಂಡು ಕೈಬಿಟ್ಟ ಹತ್ತು ನಿಮಿಷದಲ್ಲಿ ಅವನ ಖಾತೆಗೆ ನೇರವಾಗಿ ಬೈಗುಳ ಕಳಿಸುವ ಜನರಿದ್ದಾರೆ. ಬಾಜಿ ಕಟ್ಟಿ ಹಣ ಕಳೆದುಕೊಂಡವರದು ಇನ್ನೂ ಕೆಟ್ಟ ಭಾಷೆ, ಕುಟುಂಬದವರನ್ನೂ ಬಿಡುವುದಿಲ್ಲ. ಇದನ್ನು ಮಾಡಬೇಡಿ, ಮಾಡುವವರನ್ನು ಕಂಡರೆ ತಡೆಯಿರಿ. ಫ್ಯಾಂಟಸಿ ಲೀಗ್‌ನಲ್ಲಿ ಅವನನ್ನು ಆರಿಸಿಕೊಂಡದ್ದು ನೀವು, ಅವನು ನಿಮಗೆ ಅಂಕ ಕೊಡುತ್ತೇನೆಂದು ಮಾತು ಕೊಟ್ಟಿರಲಿಲ್ಲ. ಟೀಕಿಸಿ, ಗಟ್ಟಿಯಾಗಿಯೇ ಟೀಕಿಸಿ: ರೂಟ್ ತಪ್ಪಾಯಿತು, ಎದುರಾಳಿಯನ್ನು ತಡೆದು ಬ್ಲಾಕ್ ಮಾಡಲಿಲ್ಲ, ಚೆಂಡಿಗಾಗಿ ಹೋರಾಡಲಿಲ್ಲ. ಅದು ಆಟದ ಮಾತು. ಅಮೆರಿಕದಲ್ಲಿ ಮಕ್ಕಳನ್ನು ಕ್ರೀಡಾಂಗಣಕ್ಕೆ ಕರೆದುಕೊಂಡು ಹೋಗುವ ನಮ್ಮವರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಪಕ್ಕದ ಕುರ್ಚಿಯಿಂದ ಮಕ್ಕಳು ಕಲಿಯುವ ಭಾಷೆಯೇ ಶಾಲೆಯ ಮೈದಾನಕ್ಕೂ ಹೋಗುತ್ತದೆ.

ಹಂತ 10: ತೀರ್ಪನ್ನು ಯಾವಾಗ ಕೊಡಬಹುದು

ತಂಡಗಳೇ ಎಷ್ಟು ಕಾಯುತ್ತವೆ ನೋಡಿ. 2011ರ ಕಾರ್ಮಿಕ ಒಪ್ಪಂದದ ನಂತರ ಡ್ರಾಫ್ಟ್‌ನಲ್ಲಿ ಬಂದವರ ಮೊದಲ ಕರಾರು ನಾಲ್ಕು ವರ್ಷದ್ದು. ಮೊದಲ ಸುತ್ತಿನವರಿಗೆ ಐದನೆಯ ವರ್ಷ ಕೊಡಬೇಕೇ ಬೇಡವೇ ಎಂದು ತಂಡ ನಿರ್ಧರಿಸುವುದು ಮೂರನೆಯ ಋತು ಮುಗಿದ ಮೇಲೆ. ದಿನವೂ ಅವನನ್ನು ಹತ್ತಿರದಿಂದ ನೋಡುವವರಿಗೇ ಮೂರು ವರ್ಷ ಬೇಕಾಗುತ್ತದೆ.

ಗ್ರೀನ್ ಬೇ ಪ್ಯಾಕರ್ಸ್‌ನ ಡಾವಾಂಟೆ ಆಡಮ್ಸ್ 2014ರಲ್ಲಿ 446 ಯಾರ್ಡ್ ಗಳಿಸಿದರು. 2015ರಲ್ಲಿ ಹಿರಿಯ ರಿಸೀವರ್ ಜೋರ್ಡಿ ನೆಲ್ಸನ್ ಗಾಯಗೊಂಡು ಇಡೀ ವರ್ಷ ಹೊರಗುಳಿದಾಗ ಭಾರವೆಲ್ಲ ಅವರ ಮೇಲೆ ಬಿತ್ತು, ಕಣಕಾಲಿನ ನೋವು ಬೇರೆ. 483 ಯಾರ್ಡ್, ಒಂದೇ ಟಚ್‌ಡೌನ್. ಮೂರನೆಯ ವರ್ಷ 997 ಯಾರ್ಡ್, 12 ಟಚ್‌ಡೌನ್. ಆಮೇಲೆ ಅವರು ಲೀಗ್‌ನ ಶ್ರೇಷ್ಠ ರಿಸೀವರ್‌ಗಳ ಸಾಲಿಗೆ ಸೇರಿದರು.

ಹಾಗಾಗಿ ಮೊದಲ ವರ್ಷ ಮುಗಿದಾಗ ಕಾಗದದ ಮೇಲೆ ಮೂರು ಸಾಲು ಬರೆದಿಡಿ: ಪ್ರೆಸ್ ಎದುರು ಅವನು ಜನವರಿಯಲ್ಲಿ ಹೇಗಿದ್ದ, ಕೊನೆಯ ಐದು ಪಂದ್ಯಗಳಲ್ಲಿ ಎಷ್ಟು ಹೊತ್ತು ಮೈದಾನದಲ್ಲಿದ್ದ, ಹತ್ತು ಯಾರ್ಡ್ ಸಾಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದಕ್ಕೆ ಬಂದರೂ ಇನ್ನೂ ಏಳೆಂಟು ಯಾರ್ಡ್ ಬೇಕಾದ ಬಿಕ್ಕಟ್ಟಿನಲ್ಲಿ ಕ್ವಾರ್ಟರ್‌ಬ್ಯಾಕ್ ಅವನ ಕಡೆ ನೋಡುತ್ತಿದ್ದನೇ ಇಲ್ಲವೇ. ಎರಡನೆಯ ವರ್ಷದ ಅಕ್ಟೋಬರ್‌ನಲ್ಲಿ ಅದೇ ಮೂರು ಪ್ರಶ್ನೆಗಳನ್ನು ಮತ್ತೆ ಕೇಳಿ. ಮೂರರಲ್ಲಿ ಎರಡು ಸುಧಾರಿಸಿದ್ದರೆ ಜೆರ್ಸಿ ಕೊಳ್ಳಲು ಅದು ಸರಿಯಾದ ಸಮಯ. ಒಂದೂ ಸುಧಾರಿಸದಿದ್ದರೆ ಮುಂದಿನ ಏಪ್ರಿಲ್‌ನಲ್ಲಿ ತಂಡ ಇನ್ನೊಬ್ಬ ರಿಸೀವರ್‌ನನ್ನು ಹುಡುಕಿದರೆ ಆಶ್ಚರ್ಯಪಡಬೇಡಿ. ಆಗ ಮತ್ತೆ ಒಂದನೆಯ ಹಂತದಿಂದ ಶುರುಮಾಡಿ.